ಮೇಲಿನ ಕೋಣೆಗೆ ತಂದ ಕಿಟಕಿ

ನಮ್ಮ ಮನೆಯಲ್ಲಿ ಯಾವ ವಸ್ತುವನ್ನೂ ಎಸೆಯುತ್ತಿರಲಿಲ್ಲ. ಹಿಡಿ ಕಿತ್ತುಹೋದ ಪೆಟ್ಟಿಗೆ, ಅಮ್ಮನ ಹಳೆಯ ಹೊಲಿಗೆ ಯಂತ್ರದ ಕಾಲು, ನನಗೆ ಶಾಲೆಯಲ್ಲಿ ಬಹುಮಾನ ಬಂದ ಗಾಜಿನ ಹೂದಾನಿ, ಯಾವುದು ಕಾಲಿಗೆ ಅಡ್ಡ ಬಂದರೂ "ಇರಲಿ ಬಿಡು, ಮೇಲಿನ ಕೋಣೆಗೆ ಆಗುತ್ತೆ" ಎಂದು ಯಾರಾದರೊಬ್ಬರು ಮಂಚದ ಕೆಳಗೆ ತಳ್ಳುತ್ತಿದ್ದರು. ಬಟ್ಟೆ ಒಣಗದಿದ್ದರೆ, ಮೇಲಿನ ಕೋಣೆಯಾಗಿದ್ದರೆ ಇಷ್ಟು ಹೊತ್ತಿಗೆ ಒಣಗುತ್ತಿತ್ತು. ನನಗೆ ಜ್ವರ ಬಂದರೆ, ಮೇಲಿನ ಕೋಣೆಯ ಗಾಳಿಗೆ ಎರಡೇ ದಿನದಲ್ಲಿ ಬಿಡುತ್ತಿತ್ತು. ಹೊಸಬರು ಕೇಳಿಸಿಕೊಂಡರೆ ನಮ್ಮದು ಭಾರಿ ಮನೆ ಎಂದುಕೊಳ್ಳಬೇಕು. ಇದ್ದದ್ದು ಕೆಳಗೆ ಎರಡು ಕೋಣೆ, ಒಂದು ಅಡಿಗೆಮನೆ. ಮೇಲಿನ ಕೋಣೆ ಇರಲೇ ಇಲ್ಲ. ಅದಕ್ಕೆ ಹೋಗುವ ಮೆಟ್ಟಿಲು ಮಾತ್ರ ಇತ್ತು.

ಬೀದಿ ಕಡೆಯ ಗೋಡೆಗೆ ಆತುಕೊಂಡ ಹದಿನೇಳು ಮೆಟ್ಟಿಲು. ಮೂವತ್ತೊಂದು ವರ್ಷದ ಹಿಂದೆ ಅಜ್ಜ ಆತುರಕ್ಕೆ ಬಿದ್ದು ಮೊದಲು ಮೆಟ್ಟಿಲು ಕಟ್ಟಿಸಿ, ಆಮೇಲೆ ಕೋಣೆಗೆ ಪರವಾನಗಿ ಕೇಳಲು ಹೋದನಂತೆ. ಅಷ್ಟರಲ್ಲಿ ಸರಕಾರ ಊರಿನ ಸುತ್ತ ಒಂದು ದೊಡ್ಡ ರಸ್ತೆ ಮಾಡುವುದೆಂದು ನಕ್ಷೆಯ ಮೇಲೆ ಗೆರೆ ಎಳೆದಾಗಿತ್ತು. ಗೆರೆ ನಮ್ಮ ಸಾಲಿನ ಮೇಲೇ ಹಾದಿತ್ತು. ಅದರ ಕೆಳಗೆ ಬಂದ ಮನೆಗೆ ಒಂದು ಇಟ್ಟಿಗೆಯನ್ನೂ ಸೇರಿಸುವ ಹಾಗಿಲ್ಲ. ರಸ್ತೆಯೂ ಬರಲಿಲ್ಲ, ಗೆರೆಯೂ ಅಳಿಯಲಿಲ್ಲ. ಒಮ್ಮೆ ಅಜ್ಜ ತಾರಸಿಯ ಮೇಲೆ ತಗಡಿನ ಮಾಡು ಹಾಕಿದ್ದಕ್ಕೆ ಕಚೇರಿಯವರು ಬಂದು ಕಿತ್ತುಹಾಕಿ, ತಗಡನ್ನೂ ಹೊತ್ತುಕೊಂಡು ಹೋದರು. ಅಜ್ಜ ತೀರಿಕೊಂಡು ಈಗ ಹದಿನೆಂಟು ವರ್ಷ.

ಎದುರು ಸಾಲು ಗೆರೆಯ ಆಚೆ ಉಳಿದುಕೊಂಡಿತ್ತು. ಅಲ್ಲಿ ಅಮ್ಮನ ತವರು. ಸೋದರಮಾವ ಒಂದರ ಮೇಲೊಂದು ಏರಿಸುತ್ತ ಹೋಗಿ ಮೂರಂತಸ್ತು ಮಾಡಿಕೊಂಡು, ಕೆಳಗೆ ಬಣ್ಣದ ಅಂಗಡಿ ಇಟ್ಟಿದ್ದ. ಮಧ್ಯಾಹ್ನ ಮೂರಾಯಿತೆಂದರೆ ಅವನ ಮನೆಯ ನೆರಳು ಬೀದಿ ದಾಟಿ ಬಂದು ನಮ್ಮ ಅಂಗಳದಲ್ಲಿ ಕೂರುತ್ತಿತ್ತು. ಅಜ್ಜಿ ಅವನ ಹೆಸರನ್ನೇ ಮರೆತವಳಂತೆ ಇದ್ದಳು. "ಮೂರಂತಸ್ತು ಬಂತು, ಬಟ್ಟೆ ತೆಗಿ" ಎನ್ನುವುದು ನನಗೆ ದಿನದ ಅಪ್ಪಣೆ.

ಮೇಲಿನ ಕೋಣೆಗೆಂದು ಕೂಡಿಟ್ಟ ಸಾಮಾನುಗಳಲ್ಲಿ ಎಲ್ಲಕ್ಕಿಂತ ಹಳೆಯದು ಅಜ್ಜಿಯ ಮಂಚದ ಕೆಳಗೆ ಹಳೆ ಹೊದಿಕೆ ಸುತ್ತಿ ಮಲಗಿಸಿದ್ದ ಒಂದು ಕಿಟಕಿ. ಚೌಕಟ್ಟು, ಎರಡು ಬಾಗಿಲು, ಐದು ಹಸಿರು ಸರಳು. ನಾನು ಅಜ್ಜಿಯ ಮಗ್ಗುಲಲ್ಲಿ ಬೆಳೆದವಳು. ಅವಳ ಕಥೆಗಳೆಲ್ಲ ಆ ಕಿಟಕಿಯಿಂದಲೇ ಹೊರಡುತ್ತಿದ್ದವು.

ಒಬ್ಬ ರಾಜನಿದ್ದ, ಅವನ ಹೆಸರು ಸರಕಾರ ಎಂದು ಶುರು ಮಾಡುತ್ತಿದ್ದಳು. ಅವನಿಗೆ ಊರು ಬೆಳೆಸುವ ಹುಚ್ಚು. ನದಿ ದಂಡೆಯಲ್ಲಿ ಒಬ್ಬಳು ಹೆಂಗಸು ಗಂಡ, ಮಗನ ಜೊತೆ ಸುಖವಾಗಿದ್ದಳು. ಅವಳ ಕಿಟಕಿಯ ಕೆಳಗೇ ನೀರು. ರಾಜ ಬಂದು, ಇಲ್ಲಿ ಬಸ್ಸು ನಿಲ್ಲುವ ಜಾಗ ಮಾಡುತ್ತೇನೆ, ನೀನು ಆಚೆ ಹೋಗು ಎಂದ. ಆಚೆ ಎಂದರೆ ಏನೂ ಇಲ್ಲದ ಬಯಲು, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಮನೆ ಒಡೆಯುವ ದಿನ ಗಂಡ ಕಿಟಕಿಯನ್ನು ಕಿತ್ತು ಅವಳ ತೊಡೆಯ ಮೇಲಿಟ್ಟ. ಅವಳು ಗಾಡಿಯಲ್ಲಿ ಕೂತು, ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ಸರಳುಗಳ ನಡುವಿನಿಂದ ದಾರಿಯುದ್ದಕ್ಕೂ ನದಿಯನ್ನೇ ನೋಡುತ್ತ ಬಂದಳು. ಬಯಲಲ್ಲಿ ದೀಪವಿಲ್ಲ, ನೀರಿಲ್ಲ, ನರಿ ಕೂಗುತ್ತಿತ್ತು. ಎರಡು ವರ್ಷಕ್ಕೆ ರಾಜ ಒಂದು ನಲ್ಲಿ ಹಾಕಿಸಿದ. ನಲ್ಲಿಯ ಹಿಂದೆ ಜನ ಬಂದರು. ಜನರ ಹಿಂದೆ ಬಸ್ಸು ಬಂತು, ಬಸ್ಸಿನ ಹಿಂದೆ ಇನ್ನಷ್ಟು ಜನ. ಅವಳು ಊರಾಚೆ ಹೋದವಳು, ಕೂತಲ್ಲೇ ಕೂತು ಊರ ನಡುವೆ ಬಂದುಬಿಟ್ಟಳು.

ಆಮೇಲೆ, ಎಂದು ನಾನು ಕೇಳಬೇಕು. ಆಮೇಲೆ ಅವಳು ಮೇಲಿನ ಕೋಣೆಗೆ ಆ ಕಿಟಕಿ ಹಾಕಿಸಿದಳು ಎಂದು ಅವಳು ಹೇಳಬೇಕು. ನಾನು ನಿದ್ದೆ ಹೋಗಬೇಕು. ಕಥೆ ಅಲ್ಲಿಗೆ ಮುಗಿಯುತ್ತಿತ್ತು, ಮುಗಿಯುತ್ತಲೂ ಇರಲಿಲ್ಲ.

ನಾನು ಕೆಲಸ ಮಾಡುವುದು ನಗರ ಯೋಜನಾ ಕಚೇರಿಯ ಎದುರಿಗಿರುವ ನಕಲು ಅಂಗಡಿಯಲ್ಲಿ. ಚಾಪೆಯಷ್ಟು ಅಗಲದ ನಕ್ಷೆಗಳಿಗೆ ನಕಲು ತೆಗೆಯುವ ಯಂತ್ರ ಆ ಬೀದಿಗೆಲ್ಲ ನಮ್ಮಲ್ಲೇ ಇರುವುದು. ಕೆಲಸ ಕೊಡಿಸಿದವನು ಅಪ್ಪ. ಅವನು ಅದೇ ಕಚೇರಿಯಲ್ಲಿ ಮೂವತ್ತಾರು ವರ್ಷ, ಎಂಜಿನಿಯರುಗಳು ಪೆನ್ಸಿಲಿನಲ್ಲಿ ಗೀಚಿಕೊಟ್ಟದ್ದನ್ನು ಮೇಣದ ಬಟ್ಟೆಯ ಮೇಲೆ ಇಂಕಿನಲ್ಲಿ ಇಳಿಸುವ ಕೆಲಸ ಮಾಡಿ ಎರಡು ವರ್ಷದ ಹಿಂದೆ ನಿವೃತ್ತನಾದವನು. ಮಗ ಅಲ್ಲೇ ಕೂತಿದ್ದರೂ ಒಂದು ಗೆರೆ ಅಳಿಸಲಾಗಲಿಲ್ಲವಲ್ಲ ಎಂದು ಅಜ್ಜಿ ವಾರಕ್ಕೊಮ್ಮೆಯಾದರೂ ಚುಚ್ಚುತ್ತಿದ್ದಳು. "ನಾನು ನಕಲು ಮಾಡೋನು ಅಮ್ಮ, ಗೆರೆ ಹಾಕೋರು ಬೇರೆ" ಎಂದು ಅಪ್ಪ ತಟ್ಟೆ ನೋಡುತ್ತಲೇ ಹೇಳುತ್ತಿದ್ದ.

ಆ ಸೋಮವಾರ ಕಚೇರಿಯಿಂದ ಎರಡು ಕಟ್ಟು ಬಂದವು. ಒಂದರಲ್ಲಿ ಊರಿನ ಹೊಸ ಯೋಜನೆ. ಮೂವತ್ತು ದಿನ ಜನರು ನೋಡಿ ತಕರಾರು ಹೇಳಲು ಗೋಡೆಗೆ ಹಚ್ಚಬೇಕಾದದ್ದು. ಇನ್ನೊಂದರಲ್ಲಿ ಕೊಳೆತುಹೋಗುವ ಮೊದಲು ನಕಲು ತೆಗೆದಿಡಬೇಕಾದ ಹಳೆಯ ಹಾಳೆಗಳು. ಹೊಸದರಲ್ಲಿ ನಾನು ಮೊದಲು ನಮ್ಮ ಬೀದಿ ಹುಡುಕಿದೆ. ಗೆರೆ ಇರಲಿಲ್ಲ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ದೊಡ್ಡ ರಸ್ತೆ ಕೈಬಿಟ್ಟು ರೈಲು ತರುತ್ತಿದ್ದರು. ನಮ್ಮ ಸಾಲಿಗೆ ತಿಳಿ ಹಳದಿ ಬಣ್ಣ, ಐದಂತಸ್ತಿನವರೆಗೆ ಕಟ್ಟಬಹುದು. ಕುಣಿದಾಡುವಂತಾಯಿತು. ಅದೇ ಸಂಭ್ರಮದಲ್ಲಿ ಹಳೆಯ ಕಟ್ಟು ಬಿಚ್ಚಿದರೆ ಐದನೆಯ ಹಾಳೆ ನಮ್ಮದೇ ಬಡಾವಣೆ. ದಪ್ಪ ಕರಿಗೆರೆ, ಮೂಲೆಯಲ್ಲಿ ಉತ್ತರ ತೋರಿಸುವ ಬಾಣ. ಬಾಣದ ತುದಿಗೆ ಒಂದು ಹಕ್ಕಿಯ ಕೊಕ್ಕು. ಅಪ್ಪ ನನ್ನ ಶಾಲೆಯ ಪುಸ್ತಕಗಳಲ್ಲಿ ಬರೆದುಕೊಡುತ್ತಿದ್ದ ಅದೇ ಹಕ್ಕಿ. ಅಪ್ಪನ ಕೈಯಲ್ಲದೆ ಬೇರೆ ಯಾರ ಕೈಯೂ ಅದನ್ನು ಬರೆಯಲಾರದು.

ಎರಡಕ್ಕೂ ಒಂದೊಂದು ನಕಲು ತೆಗೆದು ಸುರುಳಿ ಸುತ್ತಿಕೊಂಡು ಮನೆಗೆ ಹೋದೆ. ಅಷ್ಟು ದಡ್ಡಿ ನಾನು.

ಅಮ್ಮ ಅನ್ನ, ಬೇಳೆ ಬಡಿಸುತ್ತಿದ್ದಳು. ನಾನು ನೆಲದ ಮೇಲೆ ಹೊಸ ನಕ್ಷೆ ಹಾಸಿ ಅಜ್ಜಿಯ ಬೆರಳು ಹಿಡಿದು ನಮ್ಮ ಮನೆಯ ಮೇಲೆ ಇಟ್ಟೆ. ಗೆರೆ ಹೋಗಿದೆ ಎಂದೆ. ಅಜ್ಜಿ ಬೆರಳು ತೆಗೆಯಲಿಲ್ಲ. ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಮೊದಲು ಕಿಟಕಿ ಹೊರಗೆ ತೆಗೆದು ಹೊದಿಕೆ ಬಿಚ್ಚಬೇಕು, ಗೆದ್ದಲು ಹಿಡಿದಿದೆಯೋ ನೋಡಬೇಕು, ಕಿರಿಯವನಿಗೆ ಫೋನು ಮಾಡಬೇಕು ಎಂದು ಒಂದೇ ಉಸಿರಿನಲ್ಲಿ ಹೇಳತೊಡಗಿದಳು. ಕಿರಿಯವನೆಂದರೆ ನನ್ನ ಚಿಕ್ಕಪ್ಪ, ಬಸ್ಸು ಚಾಲಕ. ಮೇಲಿನ ಕೋಣೆ ಅವನ ಮದುವೆಗೆಂದೇ ಯೋಚಿಸಿದ್ದು. ಕೋಣೆಯಾಗದೆ ಅವನು ಹೆಂಡತಿಯನ್ನು ಕರೆದುಕೊಂಡು ಊರಿನ ಇನ್ನೊಂದು ತುದಿಗೆ, ಸರಕಾರ ಕೊಟ್ಟ ಮನೆಗೆ ಹೋಗಿ ಇಪ್ಪತ್ತಮೂರು ವರ್ಷ. ಎರಡು ಬಸ್ಸು ಬದಲಿಸಿ ತಿಂಗಳಿಗೊಮ್ಮೆ ಬರುತ್ತಾನೆ, ಚಹಾ ಕುಡಿದು ಹೋಗುತ್ತಾನೆ.

"ಇನ್ನೊಂದು ತಮಾಷೆ ನೋಡಿ" ಎಂದು ನಾನು ಹಳೆಯ ಹಾಳೆಯನ್ನೂ ಬಿಚ್ಚಿದೆ. "ಇದು ಅಪ್ಪನ ಹಕ್ಕಿ."

ಅಪ್ಪನ ಕೈ ಅನ್ನದಲ್ಲೇ ನಿಂತಿತು.

ಅಜ್ಜಿ ಹಕ್ಕಿಯನ್ನು ನೋಡಿದಳು, ಕರಿಗೆರೆಯನ್ನು ನೋಡಿದಳು, ಮಗನನ್ನು ನೋಡಿದಳು. "ಇದು ನೀನು ಬರೆದದ್ದಾ?"

ಅಪ್ಪ ಸುಳ್ಳು ಹೇಳಲು ಬಾರದವನು. ಹೂಂ ಎಂದ. ಆಮೇಲೆ, ಯಾರೋ ಬೇರೆಯವರ ವಿಷಯ ಹೇಳುವವನಂತೆ ನಿಧಾನವಾಗಿ ಹೇಳಿದ. ಹಸಿ ಇಂಕಿನ ಮೇಲೆ ಕೈ ಉಜ್ಜಬಾರದೆಂದು ನಕಲು ಮಾಡುವವರು ಹಾಳೆಯನ್ನು ತಿರುಗಿಸಿ ತಿರುಗಿಸಿ ಬರೆಯುತ್ತಾರೆ. ಆ ಹಾಳೆ ಅವನ ಮೇಜಿನ ಮೇಲೆ ತಲೆಕೆಳಗಾಗಿ ಕೂತಿತ್ತು. ಹೆಸರುಗಳನ್ನೆಲ್ಲ ಕೊನೆಗೆ ಬರೆಯುವುದು ರೂಢಿ. ಎಂಟು ದಿನ ಅವನು ಯಾವುದೋ ಊರಿನ ಯಾವುದೋ ಬೀದಿ ಎಂದುಕೊಂಡೇ ಗೆರೆ ತುಂಬಿದ. ಅಕ್ಷರ ಬರೆಯಲು ಹಾಳೆಯನ್ನು ನೆಟ್ಟಗೆ ಮಾಡಿದಾಗ ನಲ್ಲಿಯ ತಿರುವು ಕಂಡಿತು, ಅದರ ಪಕ್ಕಕ್ಕೆ ಮೂರನೆಯದು ತನ್ನ ಮನೆ.

"ಆಗಲೇ ಅಳಿಸಬಾರದಿತ್ತಾ?"

"ಬ್ಲೇಡು ಕೈಯಲ್ಲೇ ಇತ್ತು ಅಮ್ಮ. ಇಂಕು ಹೆರೆದು ಆಚೆ ಸರಿಸಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಬೇರೆಯವರಿಗೋಸ್ಕರ ಸರಿಸಿದವರೂ ಇದ್ರು."

"ಎಷ್ಟು ಸರಿಸಬೇಕಿತ್ತು?"

ಅಪ್ಪ ಎದ್ದು ಹೋಗಿ ಡಬ್ಬಿಯಿಂದ ಒಂದು ಅಕ್ಕಿಕಾಳು ತಂದು ಹಾಳೆಯ ಮೇಲಿಟ್ಟ. ಕಾಳಿನ ಒಂದು ತುದಿ ನಮ್ಮ ಮನೆಯ ಮೇಲೆ, ಇನ್ನೊಂದು ತುದಿ ಎದುರು ಸಾಲಿನ ಮೇಲೆ.

"ಇಷ್ಟು. ಆದ್ರೆ ಆಚೆ ಅಂದ್ರೆ ಎದುರು ಸಾಲು. ಎದುರು ಸಾಲಲ್ಲಿ ಇವಳಿದ್ಲು."

ಅಮ್ಮನ ಕೈಯ ಸೌಟು ಪಾತ್ರೆಯ ಅಂಚಿಗೆ ತಗುಲಿ ಟಣ್ ಎಂದಿತು.

"ಆಗ ನಿಮ್ಮ ಮದುವೆ ಮಾತೇ ಇರಲಿಲ್ಲ" ಎಂದಳು ಅಜ್ಜಿ.

"ಇರಲಿಲ್ಲ."

"ಅವಳು ನಿನ್ನ ಮುಖ ನೋಡಿದ್ದಳಾ?"

"ಒಂದ್ಸಲ. ಮಳೇಲಿ ನಿಂತಿದ್ಲು, ಛತ್ರಿ ಕೊಟ್ಟಿದ್ದೆ."

 ಅಜ್ಜಿ ಅಕ್ಕಿಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು ಡಬ್ಬಿಗೆ ವಾಪಸು ಹಾಕಿದಳು. "ಒಂದು ಛತ್ರಿಗೆ ನನ್ನ ಒಂದು ಕೋಣೆ ಹೋಯ್ತು" ಎಂದಳು. ತಟ್ಟೆ ಎತ್ತಿಕೊಂಡು ಹೊರಗೆ ನಡೆದು, ಮೆಟ್ಟಿಲ ಮೇಲೆ ಕೂತು ಉಂಡಳು.

ಅಂದಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಎರಡು ಹೊತ್ತಿನ ಊಟ ಮೂರನೆಯ ಮೆಟ್ಟಿಲ ಮೇಲೆ. ಮಂಡಿನೋವಿನಿಂದ ಅದಕ್ಕಿಂತ ಮೇಲೆ ಹತ್ತಲಾಗುತ್ತಿರಲಿಲ್ಲ. ಅಪ್ಪನಿಗೆ ಹೇಳಬೇಕಾದದ್ದೆಲ್ಲ ನನ್ನ ಮೂಲಕ ಹೋಗುತ್ತಿತ್ತು. ನಿಮ್ಮಪ್ಪನಿಗೆ ಹೇಳು, ಗ್ಯಾಸು ಮುಗಿದಿದೆ. ನಿಮ್ಮಪ್ಪನಿಗೆ ಹೇಳು, ಕನ್ನಡಕ ಅವನ ತಲೆ ಮೇಲೇ ಇದೆ. ಅಪ್ಪ ಎರಡು ಅಡಿ ದೂರದಲ್ಲೇ ನಿಂತಿರುತ್ತಿದ್ದ. ಅವನು ದಿನವೂ ಬೆಳಿಗ್ಗೆ ಅವಳ ಸ್ನಾನಕ್ಕೆ ನೀರು ಕಾಯಿಸಿ ಬಕೆಟ್ಟು ತುಂಬಿಸಿ ಇಡುತ್ತಿದ್ದ. ಅದು ಮೊದಲಿಂದಲೂ ಅವನ ಕೆಲಸ. ಅಜ್ಜಿ ಬಕೆಟ್ಟಿಗೆ ಕೈ ಅದ್ದಿ, ನಿಮ್ಮಪ್ಪನಿಗೆ ಹೇಳು, ಇದೇನು ನೀರೋ ಬೆಂಕಿಯೋ ಎನ್ನುತ್ತಿದ್ದಳು.

ಅಮ್ಮನೂ ಎರಡು ದಿನ ಗಪ್‌ಚಿಪ್ಪಾಗಿದ್ದಳು. ಅವಳಿಗೂ ವಿಷಯ ಅಂದೇ ಗೊತ್ತಾದದ್ದು. ಮೂರನೆಯ ದಿನ ಅಪ್ಪನ ತಟ್ಟೆಗೆ ಕೇಳದೆಯೇ ಎರಡನೆಯ ಮೊಟ್ಟೆ ಬಿತ್ತು. ಒಗೆದ ಬಟ್ಟೆ ಹಿಂಡುತ್ತ ನನ್ನ ಕಿವಿಯಲ್ಲಿ, "ಆ ಛತ್ರಿ ಸೋರ್ತಿತ್ತು ಕಣೆ" ಎಂದಳು. ಅವಳ ಕೆನ್ನೆ ನೋಡಿ ನನಗೇ ನಾಚಿಕೆಯಾಯಿತು.

ಆದರೆ ಅಜ್ಜಿಯ ಕೊಂಕು ಅಪ್ಪನನ್ನು ದಾಟಿ ಅಮ್ಮನ ಕಡೆ ಹರಿಯಿತು. ಸೊಪ್ಪು ಸೋಸುತ್ತ, ಅಕ್ಕಿ ಆರಿಸುತ್ತ, ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು: ಕೆಲವರ ತವರು ಏರುತ್ತ ಹೋಯಿತು, ಕೆಲವರ ಮಕ್ಕಳು ಊರಾಚೆ ಹೋದರು. ಎರಡನೆಯ ವಾರ ಅಮ್ಮ ಕತ್ತರಿ ಕೆಳಗಿಟ್ಟಳು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕಾಲ. ಅಡಿಗೆಮನೆಯಲ್ಲಿ ಒಲೆಯ ಪಕ್ಕಕ್ಕೇ ಯಂತ್ರ, ನೀಲಿ ಬಟ್ಟೆಯ ರಾಶಿ.

"ಅತ್ತೆ, ಗೆರೆ ಎಲ್ಲಿ ಹಾಕ್ಲಿ ಅಂತ ಯಾರಾದ್ರೂ ನನ್ನನ್ನ ಕೇಳಿದ್ರಾ? ಇವರು ನನ್ನ ಮನೆ ಉಳಿಸಿದ್ರು, ಸರಿ. ನಾನು ಆ ಮನೇಲಿ ಉಳಿದ್ನಾ? ಇಪ್ಪತ್ತೊಂಬತ್ತು ವರ್ಷದಿಂದ ನಿಮ್ಮ ಜೊತೆ ಇದೇ ಗೆರೆ ಕೆಳಗೇ ಮಲಗಿದೀನಿ. ನನಗೂ ಒಂದು ಕೋಣೆ ಬೇಕಿತ್ತು. ಯಂತ್ರ ಇಡೋಕೆ."

ಅಜ್ಜಿ ಮೊರದಲ್ಲಿ ಅಕ್ಕಿ ಹರಡಿಕೊಂಡೇ ಕೂತಿದ್ದಳು. ಒಂದು ಕಲ್ಲು ಆರಿಸಿ ಎಸೆದು, "ಮೇಲಿನ ಕೋಣೇಲಿ ಮೂಲೆ ಒಂದು ನಿನಗೇ ಇಟ್ಟಿದ್ದೆ, ಬೆಳಕು ಬರೋ ಮೂಲೆ" ಎಂದಳು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಯಂತ್ರ ತುಳಿಯತೊಡಗಿದಳು. ಅವರಿಬ್ಬರ ಜಗಳ ಅಲ್ಲಿಗೆ ತಣ್ಣಗಾಯಿತು. ಅಪ್ಪನದು ಆಗಲಿಲ್ಲ.

ಮೂರನೆಯ ವಾರ ಇಬ್ಬರು ಅಳತೆಯವರು ಟೇಪು, ಕೆಂಪು ಬಣ್ಣದ ಡಬ್ಬಿ ಹಿಡಿದು ಬೀದಿಗೆ ಬಂದರು. ಬೀದಿಯ ನಡುವಿನಿಂದ ಅಳೆದು ನಮ್ಮ ಮನೆಯ ಗೋಡೆಗೆ ಒಂದು ಗೀಟು ಹಾಕಿ ಮುಂದೆ ಹೋದರು. ಗೀಟು ಮೆಟ್ಟಿಲಿನ ಒಳಬದಿಗೆ ಬಿದ್ದಿತ್ತು. ಹದಿನೇಳು ಮೆಟ್ಟಿಲೂ ಗೀಟಿನ ಹೊರಗೆ. ನಾನು ಅಂಗಡಿಗೆ ಓಡಿ, ನಕ್ಷೆಯ ಜೊತೆಗೆ ಬಂದಿದ್ದ, ನಾನು ನಕಲು ತೆಗೆದೂ ಓದದೆ ಬಿಟ್ಟಿದ್ದ ಸಣ್ಣ ಅಕ್ಷರದ ಹಾಳೆಗಳನ್ನು ಓದಿದೆ. ನಮ್ಮ ಬೀದಿ ಇನ್ನು ಮುಂದೆ ರೈಲು ನಿಲ್ದಾಣಕ್ಕೆ ಹೋಗುವ ದಾರಿ. ಎರಡೂ ಸಾಲಿನವರು ತಲಾ ನಾಲ್ಕು ಅಡಿ ಬಿಡಬೇಕು. ಕೋಣೆಗೆ ಅಪ್ಪಣೆ ಕೊಟ್ಟ ಕೈಯೇ ಮೆಟ್ಟಿಲನ್ನು ಕೇಳುತ್ತಿತ್ತು.

ಆ ಸಂಜೆ ಮಾವ ಚಪ್ಪಲಿ ಪಟಪಟನೆ ಬಡಿಯುತ್ತ ಬಂದ. ಅವನ ಬಾಲ್ಕನಿಗಳು ಮೂರೂ ಹೋಗುತ್ತಿದ್ದವು. ಎರಡೂ ಮನೆ ಸೇರಿಸಿ ಕಟ್ಟಡದವರಿಗೆ ಕೊಟ್ಟುಬಿಡೋಣ, ಎಲ್ಲರಿಗೂ ಒಂದೊಂದು ಫ್ಲಾಟು ಬರುತ್ತದೆ, ಲಿಫ್ಟೂ ಇರುತ್ತದೆ ಎಂದ. ಅಪ್ಪ ಸುಮ್ಮನೆ ಗೀಟಿನ ಮೇಲೆ ಕೈಯಾಡಿಸುತ್ತಿದ್ದ. ಮೆಟ್ಟಿಲ ಮೇಲಿಂದ ಅಜ್ಜಿ ಕೇಳಿದಳು, ಆ ಫ್ಲಾಟಿಗೆ ನಮ್ಮ ಕಿಟಕಿ ಹಾಕುತ್ತಾರೇನು? ಹಳೆ ಕಿಟಕಿ ಹಾಕುವುದಿಲ್ಲ ದೊಡ್ಡಮ್ಮ, ಎಲ್ಲಕ್ಕೂ ಒಂದೇ ಥರದ್ದು ಎಂದ ಮಾವ. ಹಾಗಾದರೆ ನಿಮ್ಮ ಬಾಲ್ಕನಿಗೆ ನನ್ನ ಸಂತಾಪ ಎಂದು ಅಜ್ಜಿ ತಟ್ಟೆ ತೊಳೆಯಲು ಎದ್ದಳು.

ತಕರಾರು ಕೇಳುವ ದಿನ ಅಪ್ಪನ ಹಿಂದೆ ಅಜ್ಜಿಯೂ ಹೊರಟಳು. ನಾನು ಅರ್ಧ ದಿನ ರಜೆ ಹಾಕಿದೆ. ಅಪ್ಪ ತಾನು ಮೂವತ್ತಾರು ವರ್ಷ ಕೂತ ಕಚೇರಿಯ ಬೆಂಚಿನ ಮೇಲೆ ಅರ್ಜಿ ಹಿಡಿದು ಕೂತಿದ್ದ. ಹಳೆಯ ಜವಾನ ಬಂದು ನಮಸ್ಕಾರ ಮಾಡಿ, ಸಾರ್ ಒಳಗೆ ಬನ್ನಿ ಎಂದರೂ ಸರದಿ ಬರಲಿ ಎಂದ. ಅಧಿಕಾರಿ ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಅಜ್ಜಿಗೆ ಕುರ್ಚಿ ಹಾಕಿಸಿದಳು, ನೀರು ಕೊಡಿಸಿದಳು, ಅರ್ಜಿಯನ್ನು ಪೂರ್ತಿ ಓದಿದಳು.

"ಮಗಳೆ, ಈ ಗೆರೆ ನೀನೇ ಹಾಕಿದ್ದಾ?" ಎಂದಳು ಅಜ್ಜಿ.

"ಇಲ್ಲ ಅಜ್ಜಿ. ಮೇಲಿಂದ ಬಂದದ್ದು."

"ನನ್ನ ಮಗನೂ ಹಾಗೇ ಹೇಳ್ತಿದ್ದ."

ಅಧಿಕಾರಿ ಅಪ್ಪನ ಕಡೆ ನೋಡಿದಳು. ಅಪ್ಪ ನೆಲ ನೋಡಿದ. ಅವಳು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿ ವಿವರಿಸಿದಳು. ನಿಲ್ದಾಣಕ್ಕೆ ದಿನಕ್ಕೆ ನಲವತ್ತು ಸಾವಿರ ಜನ ನಡೆಯುತ್ತಾರೆ, ಮಕ್ಕಳು, ಮುದುಕರು. ನಾಲ್ಕು ಅಡಿ ಸಿಗದಿದ್ದರೆ ಅವರೆಲ್ಲ ವಾಹನಗಳ ನಡುವೆ ನಡೆಯಬೇಕು. ಅದು ಸುಳ್ಳೇನೂ ಆಗಿರಲಿಲ್ಲ. ಮೆಟ್ಟಿಲನ್ನು ಮನೆಯ ಒಳಗಿಂದ ಮಾಡಿಕೊಂಡರೆ ಕೋಣೆಗೆ ತಾನೇ ಮುಂದೆ ನಿಂತು ಪರವಾನಗಿ ಕೊಡಿಸುತ್ತೇನೆ, ಒಂದು ನಕ್ಷೆ ಬರೆದುಕೊಡಿ, ಐದಂತಸ್ತು ಬೇಕಾದರೂ ಕಟ್ಟಿ ಎಂದಳು.

"ಐದು ಬೇಡ, ಒಂದು ಸಾಕು" ಎಂದಳು ಅಜ್ಜಿ.

ಒಳಗಿಂದ ಮೆಟ್ಟಿಲು ಏಳಬಹುದಾದ ಜಾಗ ಒಂದೇ ಒಂದು. ಅದು ಅಜ್ಜಿಯ ಕೋಣೆ. ಅವಳ ಮಂಚ ಇದ್ದ ಕಡೆಯೇ ಮೊದಲ ಮೆಟ್ಟಿಲು ಬರಬೇಕು. ಬಸ್ಸಿನಲ್ಲಿ ಬರುವಾಗ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮನೆಗೆ ಬಂದ ಮೇಲೆ ಅಮ್ಮ ಚಹಾ ಕೊಡುವಾಗ ಅಂದಳು, ಕೋಣೆಯಾಗುವವರೆಗೂ ಅತ್ತೆ ಅಡಿಗೆಮನೆಯಲ್ಲಿ ಮಲಗಬೇಕಾಗುತ್ತದೆ. ಕೋಣೆಯಾದ ಮೇಲಾದರೂ ಈ ಮಂಡಿಯಲ್ಲಿ ದಿನಾ ಹತ್ತಿ ಇಳಿಯುವುದು ಹೇಗೆ?

"ಒಂದ್ಸಲ ಹತ್ತಿದ್ರೆ ಸಾಕು ಕಣೆ" ಎಂದಳು ಅಜ್ಜಿ. "ಇಳಿಯೋದು ಯಾರಿಗೆ ಬೇಕು?"

ಲೋಟ ಖಾಲಿ ಮಾಡಿ ಅಮ್ಮನ ಕೈಗಿಟ್ಟಳು.

ಮರುದಿನ ಅಪ್ಪ ಬಿಳಿ ಹಾಳೆ, ಪೆನ್ಸಿಲು, ಅಳತೆಪಟ್ಟಿ ಹಿಡಿದು ಕೂತ. ಬೆಳಿಗ್ಗೆ ಕೂತವನು ಊಟದ ಹೊತ್ತಿಗೂ ಒಂದು ಗೆರೆ ಎಳೆದಿರಲಿಲ್ಲ. ಊರನ್ನೇ ಬರೆದವರಿಗೆ ಒಂದು ಕೋಣೆ ಬರೆಯೋಕೆ ಎಷ್ಟು ಹೊತ್ತು ಎಂದು ಅಮ್ಮ ರೇಗಿಸಿದಳು. ಅವನು ತಲೆಯೆತ್ತದೆ, "ಅದು ಬರೆದದ್ದಲ್ಲ. ಕೆಳಗೆ ಒಂದು ಹಾಳೆ ಇರ್ತಿತ್ತು" ಎಂದ. ಕೆಳಗೆ ಏನೂ ಇಲ್ಲದ ಹಾಳೆಯ ಮುಂದೆ ಅವನು ಮಗುವಿನಂತೆ ಕಂಡ.

ಅಜ್ಜಿ ಮೆಟ್ಟಿಲಿನಿಂದ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಬಂದಳು. ನನ್ನ ಕಡೆ ನೋಡಲಿಲ್ಲ.

"ಕಿಟಕಿ ಯಾವ ಕಡೆ ಹಾಕ್ತೀಯ?"

ನಾಲ್ಕು ವಾರದ ಮೇಲೆ ಮಗನಿಗೆ ಆಡಿದ ಮೊದಲ ಮಾತು. ಅಪ್ಪನ ಪೆನ್ಸಿಲು ಉರುಳಿ ಕೆಳಗೆ ಬಿತ್ತು. "ನೀನು ಹೇಳಿದ ಕಡೆ" ಎಂದ. ಅವಳು ನದಿ ಎಲ್ಲಿದೆಯೋ ಆ ಕಡೆ ಎಂದಳು. ನದಿ ಈಗ ಯಾವ ಕಡೆಗಿದೆ ಎಂದು ನಮ್ಮ ಮನೆಯಿಂದ ಯಾರಿಗೂ ಕಾಣುತ್ತಿರಲಿಲ್ಲ. ಎದುರಿಗೆ ಮೂರಂತಸ್ತು.

ಭಾನುವಾರ ಬೆಳಿಗ್ಗೆ ನದಿ ಹುಡುಕಲೆಂದು ಅಪ್ಪ, ಮಾವ ಇಬ್ಬರೂ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಆ ಕಡೆ ಒಬ್ಬ ಈ ಕಡೆ ಒಬ್ಬ ಹಿಡಿದು ಬೀದಿ ದಾಟಿಸಿದರು. ಅಷ್ಟು ವರ್ಷದಲ್ಲಿ ಅವಳು ಬಣ್ಣದ ಅಂಗಡಿಗಿಂತ ಮೇಲೆ ಹೋದವಳಲ್ಲ. ಒಂದೊಂದು ಅಂತಸ್ತಿಗೂ ಮಾವ ಕುರ್ಚಿ ಇಳಿಸಿ ಉಸಿರು ತೆಗೆದುಕೊಳ್ಳುತ್ತಿದ್ದ. "ಇಷ್ಟು ಎತ್ತರ ಯಾಕೆ ಕಟ್ಟಿದೆ, ಅನುಭವಿಸು" ಎಂದು ಅಜ್ಜಿ ಗತ್ತಿನಿಂದ ಕೂತೇ ಹೇಳಿದಳು. ಅಮ್ಮ ಹಿಂದಿನಿಂದ ನೀರಿನ ಬಾಟಲಿ ಹಿಡಿದು ನಗು ತಡೆದುಕೊಂಡು ಬರುತ್ತಿದ್ದಳು.

ತಾರಸಿಯ ಮೇಲೆ ಬೆಳಗಿನ ಬಿಸಿಲು. ಸುತ್ತ ಎಲ್ಲಿ ನೋಡಿದರೂ ಮನೆ, ಮನೆಯ ಮೇಲೆ ಮನೆ, ನೀರಿನ ತೊಟ್ಟಿ, ದೂರದಲ್ಲಿ ರೈಲಿಗಾಗಿ ಎದ್ದ ಕಂಬಗಳು. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ಹುಡುಕಿದಳು. ಬಸ್ ನಿಲ್ದಾಣದ ಚಾವಣಿ ಅಲ್ಲಿ, ಅದರ ಎಡಕ್ಕೆ ನೋಡಿ ಎಂದು ಮಾವ ಬೆರಳು ತೋರಿಸಿದ. ಎರಡು ನೀರಿನ ತೊಟ್ಟಿಗಳ ನಡುವೆ ಅಂಗೈಯಷ್ಟು ಏನೋ ಹೊಳೆಯುತ್ತಿತ್ತು.

"ಅದು ನದಿನಾ, ತಗಡಾ?"

"ನದಿನೇ ದೊಡ್ಡಮ್ಮ. ಮಧ್ಯಾಹ್ನ ಅದರ ಬಣ್ಣ ಬದಲಾಗುತ್ತೆ. ತಗಡಾದ್ರೆ ಬದಲಾಗಲ್ಲ" ಎಂದ ಬಣ್ಣ ಮಾರುವ ಮಾವ. ಅವನು ಅದನ್ನು ಎಷ್ಟೋ ಮಧ್ಯಾಹ್ನ ನಿಂತು ನೋಡಿರಬೇಕು.

ಅಜ್ಜಿ ಅದನ್ನು ಎಷ್ಟು ಹೊತ್ತು ನೋಡಿದಳೋ. ಆಮೇಲೆ ಕುರ್ಚಿ ತಿರುಗಿಸಲು ಹೇಳಿದಳು. ಈ ಕಡೆ ಕೆಳಗೆ ನಮ್ಮ ಮನೆ. ಅದನ್ನು ಮೇಲಿನಿಂದ ಅವಳು ನೋಡುತ್ತಿದ್ದದ್ದು ಅದೇ ಮೊದಲು. ಗೋಡೆಗಂಟಿದ ಹದಿನೇಳು ಮೆಟ್ಟಿಲು, ಅದು ಮುಗಿಯುವಲ್ಲಿ ಬರಿಯ ತಾರಸಿ, ನಾನು ಬೆಳಿಗ್ಗೆ ಒಣಹಾಕಿದ ಒಂದು ಹೊದಿಕೆ.

"ಚಿಕ್ಕದು" ಎಂದಳು. ಕೈ ತೋರಿಸುತ್ತ, "ಹೊದಿಕೆ ಇದೆಯಲ್ಲ, ಅಲ್ಲಿ ನನ್ನ ಮಂಚ. ಈ ಮೂಲೇಲಿ ಯಂತ್ರ, ಬೆಳಕು ಎಡಗಡೆಯಿಂದ ಬೀಳಬೇಕು. ಬಾಗಿಲು ಅಲ್ಲಿ."

ಅಪ್ಪ ಪಕ್ಕದಲ್ಲಿ ಮಂಡಿಯೂರಿ ಕೂತು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಅವಳು ಹೇಳಿದ್ದನ್ನೆಲ್ಲ ಗೀಚಿಕೊಳ್ಳುತ್ತಿದ್ದ. ಅಭ್ಯಾಸಬಲ, ಹಾಳೆಯನ್ನು ತಿರುಗಿಸಿ ಹಿಡಿದಿದ್ದ. ಅಜ್ಜಿ ಬಗ್ಗಿ ನೋಡಿ ಅವನ ಕೈಯಿಂದ ಹಲಗೆ ತೆಗೆದು, ನೆಟ್ಟಗೆ ಮಾಡಿ, ಮತ್ತೆ ತೊಡೆಯ ಮೇಲಿಟ್ಟಳು.

"ಹೀಗೆ ಹಿಡ್ಕೊ. ಯಾರ ಮನೆ ಅಂತ ಗೊತ್ತಾಗಲಿ."

ಅಪ್ಪನ ಕಣ್ಣು ಒದ್ದೆಯಾಗಿತ್ತು. "ಹೂಂ ಅಮ್ಮ" ಎಂದ. "ಕಿಟಕಿ?"

ನದಿಯ ಕಡೆ ಹಾಕಿದರೆ ಎದುರಿಗೆ ಸಿಗುವುದು ಮೂರಂತಸ್ತಿನ ಬನಿಯನ್ನು ಮಾತ್ರ ಎಂದಳು ಅಜ್ಜಿ. ಮಾವ ತಂತಿಯ ಮೇಲಿದ್ದ ತನ್ನ ಬನಿಯನ್ನುಗಳನ್ನು ಸರಸರನೆ ಎಳೆದುಕೊಂಡ. ಅವಳು ನಮ್ಮ ಮನೆಯ ಹಿಂದುಗಡೆ ಬೆರಳು ಚಾಚಿದಳು. ಅಲ್ಲಿ ಬಸ್ಸು ಓಡುವ ಬೀದಿಯ ತಿರುವು. ಊರಿನ ಆ ತುದಿಯಿಂದ ಬರುವ ಬಸ್ಸುಗಳು ತಿರುಗುವ ಜಾಗ. "ಆ ಕಡೆ ಹಾಕು. ಕಿರಿಯವನ ಬಸ್ಸು ತಿರುಗೋದು ಕಾಣುತ್ತೆ. ನದಿ ಅಂತೂ ಬರಲ್ಲ. ಅವನಾದ್ರೂ ಬರ್ತಾನೆ."

ನಕ್ಷೆ ಮುಗಿದಾಗ ಮೂಲೆಯಲ್ಲಿ ಅಪ್ಪ ಹಕ್ಕಿಯನ್ನೂ ಬರೆದ.

ಅರ್ಜಿ ಕೊಟ್ಟ ಮೇಲೆ ಮೊದಲು ಬಂದದ್ದು ಒಡೆಯುವವರು. ಅಜ್ಜ ಕಟ್ಟಿಸಿದ ಮೆಟ್ಟಿಲು ಒಂದು ಬೆಳಗಿಗೇ ನೆಲವಾಯಿತು. ಅಜ್ಜಿ ಒಳಗೆ ಕೂತು, ಏಟಿನ ಸದ್ದಿಗೆ ಹದಿನೇಳರಿಂದ ಕೆಳಕ್ಕೆ ಎಣಿಸುತ್ತಿದ್ದಳು. ಮೂರು ಎನ್ನುವಲ್ಲಿ ನಿಲ್ಲಿಸಿದಳು. ಪರವಾನಗಿ ಬರಲು ಇನ್ನೂ ಮೂರು ವಾರ ಹಿಡಿಯಿತು. ಅಪ್ಪನ ಹಾಳೆಯ ಮೇಲೆ ಮುದ್ರೆ ಬಿದ್ದು ಬಂತು. ಅಧಿಕಾರಿ ಹಕ್ಕಿಯ ಮೇಲೆ ಮುದ್ರೆ ಬೀಳದಂತೆ ಪಕ್ಕಕ್ಕೆ ಒತ್ತಿದ್ದಳು. ಚಿಕ್ಕಪ್ಪ ರಜೆ ಹಾಕಿ ಬಂದು ಮಂಚವನ್ನು ಅಡಿಗೆಮನೆಗೆ ಎತ್ತಿಟ್ಟ. ಅಂದು ಅವನು ಚಹಾ ಕುಡಿದು ಹೋಗಲಿಲ್ಲ, ಊಟವನ್ನೂ ಮಾಡಿದ.

ಈಗ ಒಳಗೆ ಐದು ಮೆಟ್ಟಿಲಾಗಿವೆ. ಚಾವಣಿ ಕೊರೆಯುವುದು ಮಳೆ ನಿಂತ ಮೇಲೆ ಎಂದು ಮೇಸ್ತ್ರಿ ಹೋಗಿದ್ದಾನೆ. ಅಜ್ಜಿ ಎರಡನೆಯ ಮೆಟ್ಟಿಲ ಮೇಲೆ ಕೂರುತ್ತಾಳೆ. ಮೊನ್ನೆ ಮೊನ್ನೆಯವರೆಗೆ ಮೂರನೆಯದು ಹತ್ತುತ್ತಿದ್ದಳು. ಮಂಚ ಹೋದ ಮೇಲೆ ಕಿಟಕಿ ಬಯಲಿಗೆ ಬಿತ್ತು. ಅದನ್ನು ಒರೆಸಿ, ಎಣ್ಣೆ ಹಚ್ಚಿ, ಅವಳೆದುರಿನ ಗೋಡೆಗೆ ಒರಗಿಸಿ ನಿಲ್ಲಿಸಿದ್ದೇವೆ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಮುಂಚೆ ಅದರ ಬಾಗಿಲು ತೆಗೆಯಬೇಕು, ಸಂಜೆ ಬಂದು ಮುಚ್ಚಬೇಕು. ಗಾಳಿ ಬರಲಿ ಎನ್ನುತ್ತಾಳೆ.

ಇವತ್ತೂ ತೆಗೆದೆ. ಐದು ಹಸಿರು ಸರಳು, ಸರಳುಗಳ ಹಿಂದೆ ಸುಣ್ಣ ಬಳಿದ ಗೋಡೆ.

"ಏನು ಕಾಣ್ತಿದೆ?" ಎಂದಳು.

ಅಂಗಡಿಗೆ ಹೊತ್ತಾಗುತ್ತಿತ್ತು. ಚೀಲ ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತೆ.

"ದಾರಿ ಕಾಣ್ತಿದೆ ಅಜ್ಜಿ. ಒಂದು ಗಾಡಿ ಬರ್ತಿದೆ. ಗಾಡೀಲಿ ಒಬ್ಬಳು ಹೆಂಗಸು, ಪಕ್ಕದಲ್ಲಿ ಮಗ. ತೊಡೆ ಮೇಲೆ ಕಿಟಕಿ ಇಟ್ಕೊಂಡು ಹಿಂದಕ್ಕೇ ನೋಡ್ತಾ ಕೂತಿದಾಳೆ."

"ಎಲ್ಲಿಗೆ ಹೊರಟಿದಾಳಂತೆ?"

"ಇಲ್ಲಿಗೇ."

ಅಜ್ಜಿ ಗೋಡೆಯನ್ನೇ ನೋಡುತ್ತ ಸ್ವಲ್ಪ ಸರಿದು ಮೆಟ್ಟಿಲ ಮೇಲೆ ಇನ್ನೊಬ್ಬರು ಕೂರುವಷ್ಟು ಜಾಗ ಮಾಡಿದಳು.

"ಹಾಗಾದ್ರೆ ಬೀದಿ ಬಾಗಿಲೂ ತೆಗೆದಿಟ್ಟು ಹೋಗು" ಎಂದಳು.